ಬೋರಿಗೆ ನೀರು ಒತ್ತಿ ಬಂಡೆ ಬಿರುಕು ಬಿಡಿಸಿದರೆ ಭೂಕಂಪ ಆಗುತ್ತಾ? ಎಣ್ಣೆಬಾವಿಗೆ ಸೀಲ್ ಹಾಕಿದ ಹ್ಯಾಲಿಬರ್ಟನ್ ಕಥೆ

ಬೇಸಿಗೆ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಬೋರಿನದೇ ಮಾತು. ಇಲ್ಲಿ ನೀರೆಂದರೆ ಬರೀ ನೀರಲ್ಲ. 1980ರ ನರಗುಂದ ರೈತ ಬಂಡಾಯ ಶುರುವಾಗಿದ್ದೇ ಮಲಪ್ರಭಾ ನೀರಾವರಿ ಕರದ ವಿಚಾರಕ್ಕೆ. 2015ರಿಂದ ಮಹದಾಯಿ ಹೋರಾಟ ಕಾವೇರಿದ್ದೂ ನೀರಿಗಾಗಿಯೇ. ಕಾಲುವೆ ಮುಟ್ಟದ ಹೊಲಗಳಲ್ಲಿ ರೈತರಿಗೆ ಉಳಿದ ಆಸರೆ ಬೋರ್‌ವೆಲ್. ಅದೂ ಬತ್ತಿದಾಗ ಕೇಳಿಬರುವ ಒಂದು ಉಪಾಯ ಹೈಡ್ರೋಫ್ರ್ಯಾಕ್ಚರಿಂಗ್. ಎಂದರೆ, ಬತ್ತಿದ ಬೋರಿನೊಳಗೆ ಭಾರಿ ಒತ್ತಡದಲ್ಲಿ ನೀರು ನುಗ್ಗಿಸಿ ಬಂಡೆಯ ಬಿರುಕುಗಳನ್ನು ತೆರೆಯುವುದು.

ಇದರ ಬಗ್ಗೆ ಎರಡು ಬಗೆಯ ಮಾತು ಓಡಾಡುತ್ತವೆ. ಒಂದು, ಇದು ಅಮೆರಿಕದ ಎಣ್ಣೆ ಕಂಪನಿಗಳ ಫ್ರ್ಯಾಕಿಂಗ್, ಮಾಡಿಸಿದರೆ ಭೂಕಂಪ ಆಗುತ್ತದೆ, ಊರ ನೀರೆಲ್ಲ ವಿಷವಾಗುತ್ತದೆ ಎಂಬುದು. ಇನ್ನೊಂದು, ಒಮ್ಮೆ ಮಾಡಿಸಿದರೆ ಸತ್ತ ಬೋರಿಗೂ ಜೀವ ಬರುತ್ತದೆ ಎಂಬುದು. ಎರಡನ್ನೂ ಹಾಗೇ ನಂಬುವಂತಿಲ್ಲ. ಏಕೆ ಎಂದು ತಿಳಿಯಲು ಈ ವಿದ್ಯೆಯ ಜೊತೆ ಹೆಸರು ಬೆರೆತುಹೋಗಿರುವ ಒಬ್ಬ ವ್ಯಕ್ತಿಯ ಬದುಕನ್ನು ನೋಡೋಣ. ಅವರೇ ಅರ್ಲ್ ಪಾಮರ್ ಹ್ಯಾಲಿಬರ್ಟನ್.

ಯಾರು ಈ ಹ್ಯಾಲಿಬರ್ಟನ್?

ಅರ್ಲ್ ಹ್ಯಾಲಿಬರ್ಟನ್ ಹುಟ್ಟಿದ್ದು 1892ರ ಸೆಪ್ಟೆಂಬರ್ 22ರಂದು, ಅಮೆರಿಕದ ಟೆನೆಸಿ ರಾಜ್ಯದ ಹೆನ್ನಿಂಗ್ ಎಂಬ ಊರಿನ ಹತ್ತಿರದ ಒಕ್ಕಲು ಮನೆಯಲ್ಲಿ. ಹುಡುಗನಿದ್ದಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನ ಕಾಲಿಟ್ಟಿತು. ಓದು ಅಲ್ಲಿಗೇ ನಿಂತು, ಹದಿಹರೆಯದಲ್ಲೇ ಹುಡುಗ ದುಡಿಯಲು ಮನೆ ಬಿಟ್ಟ. ಸಿಕ್ಕ ಕೆಲಸ ಮಾಡುತ್ತಾ ಕೊನೆಗೆ ನೌಕಾಪಡೆ ಸೇರಿದ. ಪಂಪು, ಒತ್ತಡ, ಹೈಡ್ರಾಲಿಕ್ ಯಂತ್ರಗಳ ಪರಿಚಯ ಆದದ್ದು ಅಲ್ಲಿ. ಎಂಜಿನಿಯರಿಂಗ್ ಡಿಗ್ರಿ ಇಲ್ಲದ ಈ ಯುವಕನಿಗೆ ನೌಕಾಪಡೆಯೇ ಕಾಲೇಜಾಯಿತು.

1915ರಲ್ಲಿ ಅಲ್ಲಿಂದ ಹೊರಬಂದ ಹ್ಯಾಲಿಬರ್ಟನ್ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಪರ್ಕಿನ್ಸ್ ಎಂಬುವರ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಎಣ್ಣೆಬಾವಿಗಳಿಗೆ ಸಿಮೆಂಟ್ ಹಾಕುವುದು ಆ ಕಂಪನಿಯ ಕಸುಬು.

ಎಣ್ಣೆಬಾವಿಗೆ ಸಿಮೆಂಟ್ ಯಾಕೆ ಬೇಕು?

ಭೂಮಿಯೊಳಗೆ ಎಣ್ಣೆ ಒಂದು ಪದರದಲ್ಲಿದ್ದರೆ ಉಪ್ಪುನೀರು ಇನ್ನೊಂದರಲ್ಲಿ, ಗ್ಯಾಸ್ ಮತ್ತೊಂದರಲ್ಲಿ ಇರಬಹುದು. ತೂತು ಕೊರೆದ ಕೂಡಲೇ ಇವೆಲ್ಲಕ್ಕೂ ಒಂದೇ ದಾರಿ ಸಿಕ್ಕಂತಾಗುತ್ತದೆ. ಮೇಲಿನ ನೀರು ಕೆಳಗಿಳಿದು ಎಣ್ಣೆಯನ್ನು ಕೆಡಿಸುತ್ತದೆ. ಕೆಳಗಿನ ಗ್ಯಾಸ್ ಮೇಲಕ್ಕೆ ನುಗ್ಗಿ ಬೆಂಕಿ ಹಚ್ಚಬಹುದು. ಹಾಗಾಗಿ ಬಾವಿ ಕೊರೆದಷ್ಟೇ ಮುಖ್ಯ, ಒಂದು ಪದರವನ್ನು ಇನ್ನೊಂದರಿಂದ ಬೇರೆ ಮಾಡಿ ಮುಚ್ಚುವುದು. ಇದೇ ಸೀಲಿಂಗ್.

1860ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಎಣ್ಣೆಬಾವಿಗಳಲ್ಲಿ ಇದಕ್ಕೆ ಬಳಸುತ್ತಿದ್ದದ್ದು ಏನು ಗೊತ್ತೇ? ಅಗಸಿ! ಹೌದು, ನಾವು ರೊಟ್ಟಿ ಜೊತೆ ಹಿಂಡಿ ಮಾಡಿಕೊಂಡು ತಿನ್ನುವ ಅದೇ ಅಗಸಿ. ಚರ್ಮದ ಚೀಲದಲ್ಲಿ ಒಣ ಅಗಸಿ ತುಂಬಿ, ಪೈಪಿನ ಸುತ್ತ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ನೀರು ಹೀರಿದ ಅಗಸಿ ಉಬ್ಬಿ ಲೋಳೆಯಾಗುತ್ತಿತ್ತು. ಚೀಲ ಬಿಗಿದು ಬಾವಿಯ ಗೋಡೆಗೆ ಅಂಟಿ ನಿಲ್ಲುತ್ತಿತ್ತು. ಮೇಲಿನ ನೀರು ಕೆಳಗೆ ಇಳಿಯುವುದು ತಪ್ಪುತ್ತಿತ್ತು. ಇಂದಿನ ಪ್ಯಾಕರ್ ಎಂಬ ಸೀಲಿನ ಅಜ್ಜ ಈ ಅಗಸಿ ಚೀಲ.

ಪರ್ಕಿನ್ಸ್ ಅವರದು ಇದಕ್ಕಿಂತ ಗಟ್ಟಿ ಉಪಾಯ. ಕೊರೆದ ತೂತಿಗೂ ಒಳಗಿನ ಕೇಸಿಂಗ್ ಪೈಪಿಗೂ ನಡುವೆ ಸಂದು ಇರುತ್ತದೆ. ಸಿಮೆಂಟ್ ರಾಡಿಯನ್ನು ಪೈಪಿನೊಳಗಿಂದ ಪಂಪ್ ಮಾಡಿದರೆ ಅದು ತಳದಲ್ಲಿ ಹೊರಬಂದು ಈ ಸಂದಿನಲ್ಲಿ ಮೇಲೇರುತ್ತದೆ. ಸಿಮೆಂಟಿಗೆ ಮುಂಚೆ ಒಂದು ಬಿರಡೆ, ಹಿಂದೆ ಒಂದು ಬಿರಡೆ ಬಿಟ್ಟರೆ ಬಾವಿಯೊಳಗಿನ ಕೆಸರು ಅದಕ್ಕೆ ಬೆರೆಯುವುದಿಲ್ಲ. ಗಟ್ಟಿಯಾದ ಮೇಲೆ ಪೈಪಿನ ಸುತ್ತ ಸಿಮೆಂಟಿನ ಗೋಡೆ ಸಿದ್ಧ.

ಕೆಲಸ ಹೋಯಿತು, ಕಂಪನಿ ಹುಟ್ಟಿತು

ಪರ್ಕಿನ್ಸ್ ಕಂಪನಿಯಲ್ಲಿ ಹ್ಯಾಲಿಬರ್ಟನ್ ಬಹಳ ದಿನ ಉಳಿಯಲಿಲ್ಲ. ಅವರನ್ನು ಕೆಲಸದಿಂದ ತೆಗೆದರು. ಅವರು ಹೆಂಡತಿ ವಿಡಾ ಜೊತೆ ಟೆಕ್ಸಾಸ್‌ನ ಬರ್ಕ್‌ಬರ್ನೆಟ್ಟಿಗೆ ಹೋದರು. ಅಲ್ಲಿ ಎಣ್ಣೆಯ ಹುಚ್ಚು ಹಬ್ಬಿದ್ದ ಕಾಲ ಅದು. ಆದರೆ ಸಿಮೆಂಟ್ ಹಾಕಿಸಿ ಎಂದರೆ ಬಾವಿ ಮಾಲೀಕರು ಕೇಳಲು ತಯಾರಿರಲಿಲ್ಲ. ಚೆನ್ನಾಗಿರುವ ಬಾವಿಗೆ ಸಿಮೆಂಟ್ ಸುರಿದರೆ ಬಾವಿಯೇ ಕಟ್ಟಿಹೋದೀತು ಎಂಬ ಅಂಜಿಕೆ ಅವರಿಗೆ.

ಗಂಡ ಹೆಂಡತಿ ಅಲ್ಲಿಂದ ಓಕ್ಲಹೋಮಾ ರಾಜ್ಯಕ್ಕೆ ಬಂದರು. ಕೈಯಲ್ಲಿ ದುಡ್ಡಿಲ್ಲ. ಸಾಲ ತಂದ ಬಂಡಿ, ಹೇಸರಗತ್ತೆಗಳು, ಒಂದು ಪಂಪು, ಸಿಮೆಂಟ್ ಕಲಸಲು ಮರದ ಪೆಟ್ಟಿಗೆ ಇಷ್ಟೇ ಬಂಡವಾಳ. ವಿಡಾ ಅವರ ಮದುವೆ ಉಂಗುರವನ್ನೂ ಅಡವಿಟ್ಟರು ಎಂಬ ಮಾತು ಕಂಪನಿಯ ಚರಿತ್ರೆಯಲ್ಲಿ ಬರುತ್ತದೆ. 1919ರಲ್ಲಿ ಶುರುವಾದ ಈ ಕಂಪನಿಗೆ ಅವರು ಇಟ್ಟ ಹೆಸರು ನ್ಯೂ ಮೆಥಡ್ ಆಯಿಲ್ ವೆಲ್ ಸಿಮೆಂಟಿಂಗ್ ಕಂಪನಿ. ಮುಂದೆ ಡಂಕನ್ ಎಂಬ ಊರು ಅದರ ನೆಲೆಯಾಯಿತು.

1920ರಲ್ಲಿ ಓಕ್ಲಹೋಮಾದ ವಿಲ್ಸನ್ ಬಳಿ ಕೈಮೀರಿ ಉಕ್ಕುತ್ತಿದ್ದ ಒಂದು ಬಾವಿಯನ್ನು ಹ್ಯಾಲಿಬರ್ಟನ್ ಸಿಮೆಂಟ್ ಹಾಕಿ ಹದ್ದಿಗೆ ತಂದರು. ಆ ಕೆಲಸ ನೋಡಿದ ಮೇಲೆ ಜನರ ಅಂಜಿಕೆ ಕಡಿಮೆಯಾಯಿತು, ಕರೆಗಳು ಬರತೊಡಗಿದವು.

ಆಗೆಲ್ಲ ಸಿಮೆಂಟನ್ನು ಸಲಿಕೆಯಿಂದ ಕಲಸುತ್ತಿದ್ದರು. ಒಂದು ಬುಟ್ಟಿ ಗಟ್ಟಿ, ಇನ್ನೊಂದು ತೆಳು. ಎಲ್ಲಿ ತೆಳುವಾಯಿತೋ ಅಲ್ಲಿ ಸೋರಿಕೆ. ರಭಸದ ನೀರಿನ ಧಾರೆಗೆ ಒಣ ಸಿಮೆಂಟ್ ಬೀಳುವಂತೆ ಮಾಡಿ, ಒಂದೇ ಹದದಲ್ಲಿ ನಿಲ್ಲದೆ ಕಲಸುವ ಜೆಟ್ ಮಿಕ್ಸರ್ ಅನ್ನು ಹ್ಯಾಲಿಬರ್ಟನ್ ರೂಪಿಸಿದರು. ಬಾವಿಗೆ ಸಿಮೆಂಟ್ ಹಾಕುವ ವಿದ್ಯೆಯನ್ನು ಅವರು ಕಂಡುಹಿಡಿಯಲಿಲ್ಲ. ಅದು ಪ್ರತಿ ಸಲವೂ ಒಂದೇ ರೀತಿ ಆಗುವಂತೆ ಮಾಡಿದರು.

ಪರ್ಕಿನ್ಸ್ ಜೊತೆ ಪೇಟೆಂಟ್ ತಕರಾರೂ ನಡೆಯಿತು. ತಮ್ಮನ್ನು ಕೆಲಸದಿಂದ ತೆಗೆದ ಅದೇ ಪರ್ಕಿನ್ಸ್ ಕಂಪನಿಯನ್ನು 1940ರಲ್ಲಿ ಹ್ಯಾಲಿಬರ್ಟನ್ ಕಂಪನಿಯೇ ಕೊಂಡುಕೊಂಡಿತು!

ಸಿಮೆಂಟಿನಿಂದ ಪ್ಯಾಕರ್‌ಗೆ

1924ರಲ್ಲಿ ಕಂಪನಿಗೆ ಹ್ಯಾಲಿಬರ್ಟನ್ ಹೆಸರೇ ಬಂತು. ಏಳು ಎಣ್ಣೆ ಕಂಪನಿಗಳು ಅದರ ಷೇರು ಕೊಂಡವು. 1926ರಲ್ಲಿ ಅದರ ಸಿಮೆಂಟ್ ಯಂತ್ರಗಳು ಬರ್ಮಾಕ್ಕೆ ಮಾರಾಟವಾದವು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಭಾಗ.

ಅದೇ ದಶಕದಲ್ಲಿ ಕಂಪನಿ ಬಾವಿ ಪರೀಕ್ಷೆಯ ಕೆಲಸಕ್ಕೂ ಇಳಿಯಿತು. ಕೊರೆಯುವ ಪೈಪಿನ ತುದಿಗೆ ರಬ್ಬರಿನ ಪ್ಯಾಕರ್ ಕಟ್ಟಿ ಇಳಿಸುತ್ತಾರೆ. ಮೇಲಿಂದ ಭಾರ ಬಿದ್ದಾಗ ರಬ್ಬರು ಅದುಮಿಕೊಂಡು ಪಕ್ಕಕ್ಕೆ ಉಬ್ಬಿ ಬಾವಿಯ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಅಲ್ಲಿಂದ ಕೆಳಗಿನ ಪದರ ಮಾತ್ರ ಬೇರೆಯಾಗುತ್ತದೆ. ಅದರಲ್ಲಿ ಇರುವುದು ಎಣ್ಣೆಯೋ ಬರೀ ನೀರೋ ಎಂದು ಪೂರ್ತಿ ಖರ್ಚು ಮಾಡುವ ಮೊದಲೇ ತಿಳಿಯುತ್ತದೆ. ಅಗಸಿ ಚೀಲದ ಜಾಗಕ್ಕೆ ರಬ್ಬರು ಬಂದಿತ್ತು.

ಹ್ಯಾಲಿಬರ್ಟನ್ ಸುಮ್ಮನೆ ಕೂರುವ ಮನುಷ್ಯ ಅಲ್ಲ. 1929ರಲ್ಲಿ ಒಂದು ವಿಮಾನ ಕಂಪನಿ ಶುರುಮಾಡಿ ಮರುವರ್ಷವೇ ಮಾರಿದರು. ಎಣ್ಣೆ ಸೀಮೆಯ ದೂಳು ಬಟ್ಟೆ, ಕಾಗದಗಳಿಗೆ ತಾಗದಂತೆ 1938ರಲ್ಲಿ ಅಲ್ಯೂಮಿನಿಯಂ ಸೂಟ್‌ಕೇಸ್ ಮಾಡಿಸಿದರು. ಬಾವಿಯಲ್ಲಿನ ದ್ರವದ ಮಟ್ಟ ಅಳೆಯುವ ಸಾಧನದ ಪೇಟೆಂಟ್ ವಿಚಾರದಲ್ಲಿ ಅವರ ಕಂಪನಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ 1946ರಲ್ಲಿ ಗೆದ್ದಿತು.

ಹಾಗಾದರೆ ಫ್ರ್ಯಾಕಿಂಗ್ ಕಂಡುಹಿಡಿದದ್ದು ಇವರೇನಾ?

ಅಲ್ಲ. 1947ರಲ್ಲಿ ಕಾನ್ಸಾಸ್ ರಾಜ್ಯದ ಹ್ಯೂಗಟನ್ ಗ್ಯಾಸ್ ಪ್ರದೇಶದಲ್ಲಿ ಮೊದಲ ಪ್ರಯೋಗ ಮಾಡಿದ್ದು ಸ್ಟಾನೊಲಿಂಡ್ ಎಂಬ ಎಣ್ಣೆ ಕಂಪನಿ. ಅದರಿಂದ ಆ ಬಾವಿಯ ಇಳುವರಿ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. 1949ರಲ್ಲಿ ಈ ವಿಧಾನದ ಲೈಸೆನ್ಸ್ ಪಡೆದ ಹ್ಯಾಲಿಬರ್ಟನ್ ಕಂಪನಿ ಅದೇ ಮಾರ್ಚ್ 17ರಂದು ಓಕ್ಲಹೋಮಾ ಮತ್ತು ಟೆಕ್ಸಾಸ್‌ನ ಎರಡು ಬಾವಿಗಳಲ್ಲಿ ಇದನ್ನು ಮೊದಲ ಬಾರಿ ವ್ಯಾಪಾರಕ್ಕಾಗಿ ಮಾಡಿತು. ಮೊದಲ ವರ್ಷದಲ್ಲೇ 332 ಬಾವಿಗಳಾದವು.

ಇಲ್ಲೂ ಸೀಲ್ ಇಲ್ಲದೆ ಕೆಲಸ ನಡೆಯದು. ಪಂಕ್ಚರ್ ಆದ ಟ್ಯೂಬಿಗೆ ಎಷ್ಟು ಗಾಳಿ ಹೊಡೆದರೂ ಏನು ಪ್ರಯೋಜನ? ಹಾಗೆಯೇ ಬಾವಿಯ ಒಂದು ಭಾಗವನ್ನು ಬಿಗಿಯಾಗಿ ಮುಚ್ಚದಿದ್ದರೆ ಒತ್ತಡ ಸೋರಿಹೋಗುತ್ತದೆ, ಬಂಡೆ ಬಿರಿಯುವುದಿಲ್ಲ. ಇಂದಿನ ಉದ್ದನೆಯ ಎಣ್ಣೆಬಾವಿಗಳಲ್ಲಿ ತುದಿಯ ಭಾಗ ಬಿರಿದ ಮೇಲೆ ಅದಕ್ಕೊಂದು ಬಿರಡೆ ಹಾಕಿ, ಅದರ ಹಿಂದಿನ ಭಾಗಕ್ಕೆ ಬರುತ್ತಾರೆ. ಹೀಗೆ ಹಂತ ಹಂತವಾಗಿ ಕೆಲಸ ಸಾಗುತ್ತದೆ. ಈ ಬಿರಡೆಗೆ ಫ್ರ್ಯಾಕ್ ಪ್ಲಗ್ ಎನ್ನುತ್ತಾರೆ.

1957ರ ಅಕ್ಟೋಬರ್ 13ರಂದು ಲಾಸ್ ಏಂಜಲೀಸ್‌ನಲ್ಲಿ ಹ್ಯಾಲಿಬರ್ಟನ್ ತೀರಿಕೊಂಡರು. ಆಗ ಅವರಿಗೆ 65 ವರ್ಷ. ಸಾಲದ ಪಂಪಿನಿಂದ ಶುರುವಾದ ಕಂಪನಿ ಅಷ್ಟರಲ್ಲಿ ಹಲವು ದೇಶಗಳಿಗೆ ಹರಡಿತ್ತು.

ಅವರ ಹೆಸರು ಮತ್ತೆ ಜಗತ್ತಿನ ಬಾಯಿಗೆ ಬಂದದ್ದು 2010ರಲ್ಲಿ. ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ವೇದಿಕೆ ಸ್ಫೋಟಿಸಿ 11 ಜನ ಸತ್ತರು. ಬಾವಿಯ ತಳದ ಸಿಮೆಂಟ್ ಗ್ಯಾಸನ್ನು ತಡೆಯಲಿಲ್ಲ ಎಂದು ತನಿಖೆಗಳು ಹೇಳಿದವು. ಸಿಮೆಂಟ್ ಹಾಕಿದ್ದು ಹ್ಯಾಲಿಬರ್ಟನ್ ಕಂಪನಿ. ಅವಘಡದ ನಂತರದ ಸಾಕ್ಷ್ಯ ನಾಶಮಾಡಿದ ತಪ್ಪನ್ನು ಕಂಪನಿ 2013ರಲ್ಲಿ ಒಪ್ಪಿಕೊಂಡಿತು. ಯಾವ ಕೆಲಸದಿಂದ ಕಂಪನಿ ಹುಟ್ಟಿತೋ ಅದೇ ಕೆಲಸ ಕೈಕೊಟ್ಟಿತ್ತು.

ನಮ್ಮ ಬೋರಿಗೆ ಮಾಡುವುದೂ ಇದನ್ನೇ?

ತತ್ವ ಒಂದೇ, ಪ್ರಮಾಣ ಬೇರೆ. ಭಾರತದಲ್ಲಿ 1980ರ ದಶಕದಿಂದಲೇ ಕುಡಿಯುವ ನೀರಿನ ಬೋರುಗಳಿಗೆ ಈ ವಿಧಾನ ಬಳಕೆಯಲ್ಲಿದೆ. ಕೇಸಿಂಗಿಗಿಂತ ಸಾಕಷ್ಟು ಕೆಳಗೆ, ಗಟ್ಟಿ ಬಂಡೆಯಲ್ಲಿ ಪ್ಯಾಕರ್ ಕೂರಿಸಿ ಅದರ ಕೆಳಗೆ ನೀರು ಒತ್ತುತ್ತಾರೆ. ಒತ್ತಡ ಚದರ ಸೆಂಟಿಮೀಟರಿಗೆ 100 ಕೆಜಿ ಮುಟ್ಟಿದರೆ ಅದು ಒಂದು ಕಿಲೋಮೀಟರ್ ಎತ್ತರದ ನೀರಿನ ಭಾರಕ್ಕೆ ಸಮ. ಮುಚ್ಚಿಹೋದ ಸಣ್ಣ ಬಿರುಕುಗಳು ತೊಳೆದು ತೆರೆದುಕೊಳ್ಳುತ್ತವೆ.

ವಿಷದ ಮಾತು: ಎಣ್ಣೆಬಾವಿಯಲ್ಲಿ ನೀರಿನ ಜೊತೆ ಮರಳು, ರಾಸಾಯನಿಕ ಬೆರೆಸುತ್ತಾರೆ. ನೀರಿನ ಬೋರಿಗೆ ಸಾಮಾನ್ಯವಾಗಿ ಒತ್ತುವುದು ಶುದ್ಧ ನೀರನ್ನು ಮಾತ್ರ.

ಭೂಕಂಪದ ಮಾತು: ಅಮೆರಿಕದ ಒಂದೊಂದು ಎಣ್ಣೆಬಾವಿಗೆ ಕೋಟಿಗಟ್ಟಲೆ ಲೀಟರ್ ನೀರು ಹೋಗುತ್ತದೆ. ನಮ್ಮ ಬೋರಿಗೆ ಕೆಲವು ಟ್ಯಾಂಕರ್ ಸಾಕು. ಓಕ್ಲಹೋಮಾದಲ್ಲಿ ಭೂಕಂಪ ಹೆಚ್ಚಿದ್ದು ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ಎಣ್ಣೆಯ ಜೊತೆ ಬಂದ ಕೊಳೆನೀರನ್ನು ವರ್ಷಗಟ್ಟಲೆ ಆಳಕ್ಕೆ ತುಂಬಿದ್ದು.

ಸತ್ತ ಬೋರಿಗೆ ಜೀವ ಬರುವ ಮಾತು: ಹೈಡ್ರೋಫ್ರ್ಯಾಕ್ಚರಿಂಗ್ ನೀರನ್ನು ಹುಟ್ಟಿಸುವುದಿಲ್ಲ, ದಾರಿ ಮಾತ್ರ ಮಾಡುತ್ತದೆ. ಸುತ್ತಲಿನ ಬಂಡೆಯಲ್ಲಿ ನೀರಿದ್ದು ಬಿರುಕು ಕಟ್ಟಿದ್ದರೆ ಲಾಭ ಸಿಗಬಹುದು. ಅಂತರ್ಜಲವೇ ಇಳಿದುಹೋಗಿದ್ದರೆ ದುಡ್ಡು ನೀರಿನಲ್ಲಿ ಹೋಮ.

ಇನ್ನೊಂದು ಅಪಾಯ ನಮ್ಮ ಎರೆ ಭೂಮಿಯದು. ಇಲ್ಲಿ ಎಷ್ಟೋ ಕಡೆ ನೆಲದಡಿಯ ನೀರು ಸವಳು. ಮೇಲಿನ ಸವಳು ನೀರು ಕೇಸಿಂಗ್ ಪಕ್ಕದ ಸಂದಿನಿಂದ ಇಳಿದರೆ ಕೆಳಗಿನ ಸಿಹಿನೀರೂ ಕೆಡುತ್ತದೆ. ಹ್ಯಾಲಿಬರ್ಟನ್ ಕಾಲದ ಉಪ್ಪುನೀರಿನ ಸಮಸ್ಯೆಯೇ ಇದು, ಪರಿಹಾರವೂ ಅದೇ: ಸಂದು ಮುಚ್ಚುವುದು.

ದುಡ್ಡು ಕೊಡುವ ಮೊದಲು ಇಷ್ಟು ಕೇಳಿ

ಕೇಸಿಂಗ್ ಎಷ್ಟು ಅಡಿ ಇದೆ, ಪ್ಯಾಕರ್ ಎಷ್ಟು ಅಡಿಗೆ ಕೂರುತ್ತದೆ ಎಂದು ಕೇಳಿ. ಕೆಲಸಕ್ಕೆ ಮುಂಚೆ ಮತ್ತು ನಂತರ ಬೋರಿನ ನೀರನ್ನು ನಿಮ್ಮೆದುರೇ ಅಳೆಯಲು ಹೇಳಿ. ಒತ್ತಡದ ಮೀಟರ್ ಮೇಲೆ ಕಣ್ಣಿಡಿ. ಮುಳ್ಳು ಏರಿ ಥಟ್ಟನೆ ಇಳಿದರೆ ಬಿರುಕು ತೆರೆದಿರುವ ಸೂಚನೆ. ಏರುವುದೇ ಇಲ್ಲವೆಂದರೆ ಪ್ಯಾಕರ್ ಸೋರುತ್ತಿರಬಹುದು, ಇಲ್ಲವೇ ಅಲ್ಲಿ ಮೊದಲೇ ದೊಡ್ಡ ಬಿರುಕು ಇರಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ. ಫಲ ಕೊಡದ ಬೋರನ್ನು ಬಾಯಿ ತೆರೆದು ಬಿಡಬೇಡಿ. ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು, ಬಳಕೆಯಲ್ಲಿರುವ ಬೋರಿಗೆ ಗಟ್ಟಿ ಮುಚ್ಚಳ ಇರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಆದೇಶಿಸಿದೆ. ತೆರೆದ ಬೋರಿಗೆ ಮಕ್ಕಳು ಬಿದ್ದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಆ ಮುಚ್ಚಳಕ್ಕೆ ಎಂಜಿನಿಯರ್ ಬೇಕಿಲ್ಲ, ಪೇಟೆಂಟೂ ಬೇಕಿಲ್ಲ. ನಿಮ್ಮ ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಮೊದಲು ಇದನ್ನೇ ಮಾಡಿ.