ಹಾಡುವ ತಟ್ಟೆಯ ಎಮಿಲ್ ಬರ್ಲಿನರ್

ಮಕ್ಕಳೇ, ನಿಮ್ಮ ಮನೆಯ ಅಟ್ಟದಲ್ಲೋ ಟಿ.ವಿ. ಸ್ಟ್ಯಾಂಡಿನ ಕೆಳಗೋ ಹಳೆಯ ಸಿಡಿಗಳು ಬಿದ್ದಿರಬಹುದು. ಹಕ್ಕಿಗಳನ್ನು ಹೆದರಿಸಲು ಹೊಲದಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟಿರುವುದನ್ನೂ ನೀವು ನೋಡಿರುತ್ತೀರಿ. ಸಿಡಿಯಲ್ಲಿ ಹಾಡು ಕೇಳುತ್ತಿದ್ದ ಕಾಲದಲ್ಲಿ ಕೆಲವರಿಗೆ ಒಂದು ನಂಬಿಕೆ ಇತ್ತು. ಸಿಡಿಯ ಅಂಚಿಗೆ ಹಸಿರು ಪೆನ್ನಿನ ಶಾಯಿ ಬಳಿದರೆ, ಇಲ್ಲವೇ ಅದನ್ನು ಒಂದು ರಾತ್ರಿ ಫ್ರಿಜ್ಜಿನ ಮಂಜುಗಡ್ಡೆ ಖಾನೆಯಲ್ಲಿಟ್ಟು ತೆಗೆದರೆ, ಹಾಡು ಇನ್ನಷ್ಟು ಇಂಪಾಗಿ ಕೇಳುತ್ತದಂತೆ! ಇದು ನಿಜವೇ? ಉತ್ತರ ಹುಡುಕುವ ಮೊದಲು, ಹಾಡುವ ತಟ್ಟೆಗೆ ಏನು ಬಳಿಯಬೇಕು ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರೊಬ್ಬರ ಕಥೆ ಕೇಳಿ.

ಎಮಿಲ್ ಬರ್ಲಿನರ್ ಹುಟ್ಟಿದ್ದು 1851ರ ಮೇ 20ರಂದು, ಈಗಿನ ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಮನೆ ತುಂಬ ಮಕ್ಕಳು, ಒಟ್ಟು ಹದಿಮೂರು. ಎಮಿಲ್‌ಗೆ 14 ವರ್ಷ ತುಂಬುವಾಗಲೇ ಶಾಲೆ ಮುಗಿಯಿತು. ಸ್ವಲ್ಪ ದಿನ ಮುದ್ರಣಾಲಯದಲ್ಲಿ ಕೆಲಸ, ಆಮೇಲೆ ಬಟ್ಟೆ ಅಂಗಡಿಯಲ್ಲಿ. 1870ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿಯೂ ಮೊದಲು ಸಿಕ್ಕಿದ್ದು ಅಂಗಡಿ ಕೆಲಸವೇ. ನ್ಯೂಯಾರ್ಕಿನಲ್ಲಿ ಹಗಲು ದುಡಿದು, ರಾತ್ರಿ ಕೂಪರ್ ಸಂಸ್ಥೆಯಲ್ಲಿ ವಿಜ್ಞಾನ ಕಲಿತರು. ಒಂದು ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವ ಕೆಲಸವನ್ನೂ ಮಾಡಿದರು. ಕಾಲೇಜು ಮೆಟ್ಟಿಲು ಹತ್ತದ ಅವರಿಗೆ ಆ ಪ್ರಯೋಗಾಲಯವೇ ಕಾಲೇಜು ಎನ್ನಬಹುದು.

1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನನ್ನು ಪರಿಚಯಿಸಿದರು. ಆದರೆ ಅದರಲ್ಲಿ ಮಾತು ತೀರಾ ಕ್ಷೀಣವಾಗಿ ಕೇಳುತ್ತಿತ್ತು. ಮರುವರ್ಷ ಬರ್ಲಿನರ್ ತಮ್ಮ ಬಾಡಿಗೆ ಕೋಣೆಯಲ್ಲೇ ಪ್ರಯೋಗ ಮಾಡಿ, ಮಾತು ಗಟ್ಟಿಯಾಗಿ ಕೇಳುವಂತೆ ಮಾಡುವ ಮೈಕ್ರೋಫೋನ್ ಒಂದನ್ನು ರೂಪಿಸಿದರು. ಬೆಲ್ ಅವರ ಕಂಪನಿ ಅವರನ್ನು ಕರೆದು ಕೆಲಸ ಕೊಟ್ಟಿತು. ಕೆಲವು ವರ್ಷಗಳ ನಂತರ ಅದನ್ನು ಬಿಟ್ಟು, ಸ್ವಂತ ಪ್ರಯೋಗಕ್ಕೆ ಕುಳಿತರು.

ಆಗ ಧ್ವನಿಯನ್ನು ಹಿಡಿದಿಡಲು ಎಡಿಸನ್ ಅವರ ಫೋನೋಗ್ರಾಫ್ ಇತ್ತು. ಅದರಲ್ಲಿ ಲಟ್ಟಣಿಗೆಯಂತಹ ಉರುಳೆ ತಿರುಗುತ್ತಿತ್ತು. ಹಾಡಿದಾಗ ಸೂಜಿ ಕಂಪಿಸಿ, ಉರುಳೆಯ ಮೇಲೆ ಮೇಲೆ-ಕೆಳಗೆ ತಗ್ಗು ಕೊರೆಯುತ್ತಿತ್ತು. ಉರುಳೆಯ ಪ್ರತಿಗಳನ್ನು ಮಾಡುವುದು ಬಹಳ ಕಷ್ಟ. ಬರ್ಲಿನರ್ ಉರುಳೆಯ ಬದಲು ಚಪ್ಪಟೆ ತಟ್ಟೆ ತೆಗೆದುಕೊಂಡರು. ಸೂಜಿ ಮೇಲೆ-ಕೆಳಗೆ ಹೋಗದೆ, ಎಡಕ್ಕೂ ಬಲಕ್ಕೂ ಅಲುಗುತ್ತಾ ಸುರುಳಿ ಗೆರೆ ಎಳೆಯುವಂತೆ ಮಾಡಿದರು. ಚಪ್ಪಟೆ ತಟ್ಟೆಯಾದರೆ ಅದರಿಂದ ಅಚ್ಚು ತೆಗೆಯಬಹುದು. ಸಂಕ್ರಾಂತಿಗೆ ಒಂದೇ ಅಚ್ಚಿನಿಂದ ಎಷ್ಟೊಂದು ಸಕ್ಕರೆ ಬೊಂಬೆ ಮಾಡುತ್ತೇವಲ್ಲ, ಹಾಗೆಯೇ ಒಂದೇ ಹಾಡಿನ ನೂರಾರು ತಟ್ಟೆ!

ಆದರೆ ತಟ್ಟೆಗೆ ಏನು ಬಳಿಯುವುದು? ಮೊದಲು ಗಾಜಿಗೆ ದೀಪದ ಮಸಿ ಹಿಡಿಸಿ ನೋಡಿದರು. ಆಮೇಲೆ ಸತುವಿನ ತಟ್ಟೆಗೆ ಜೇನುಮೇಣದ ತೆಳುಪದರ ಬಳಿದರು. ಹಾಡಿನ ಕಂಪನಕ್ಕೆ ಅಲುಗುವ ಸೂಜಿ ಮೇಣವನ್ನಷ್ಟೇ ಕೆರೆಯುತ್ತಿತ್ತು. ನಂತರ ತಟ್ಟೆಯನ್ನು ಆಮ್ಲದಲ್ಲಿ ಅದ್ದಿದರೆ, ಮೇಣ ಹೋದ ಕಡೆ ಮಾತ್ರ ಆಮ್ಲ ಸತುವನ್ನು ತಿಂದು ಗೆರೆ ಆಳವಾಗುತ್ತಿತ್ತು. ಎಷ್ಟು ಜಾಣ ಉಪಾಯ, ಅಲ್ಲವೇ? 1888ರ ಮೇ 16ರಂದು ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸಂಸ್ಥೆಯಲ್ಲಿ ಇದನ್ನು ಎಲ್ಲರೆದುರು ನುಡಿಸಿ ತೋರಿಸಿದರು. ಈ ಯಂತ್ರಕ್ಕೆ ಅವರಿಟ್ಟ ಹೆಸರು ಗ್ರಾಮಫೋನ್.

ತಟ್ಟೆ ಹಾಡಿತು ನಿಜ, ಜೊತೆಗೆ ಕರಕರ ಸದ್ದೂ ಮಾಡಿತು. ಆಮ್ಲ ಸತುವನ್ನು ನಯವಾಗಿ ತಿನ್ನುವುದಿಲ್ಲ. ಗೆರೆಯ ಪಕ್ಕದ ಗೋಡೆ ಒರಟಾಗುತ್ತದೆ. ಆ ಒರಟು ಗೋಡೆಗೆ ಉಜ್ಜುತ್ತಾ ಸಾಗುವ ಸೂಜಿಗೆ ಹಾಡಿನ ಅಲುಗಾಟ ಯಾವುದು, ಒರಟಿನ ಅಲುಗಾಟ ಯಾವುದು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ನುಡಿಸಿಬಿಡುತ್ತದೆ.

ಮಾರಾಟದ ತಟ್ಟೆಗಳನ್ನು ಮೊದಲು ಗಟ್ಟಿ ರಬ್ಬರಿನಲ್ಲಿ ಒತ್ತುತ್ತಿದ್ದರು. ಅದರಲ್ಲಿ ಅಲ್ಲಲ್ಲಿ ಗೆರೆಯೇ ಸರಿಯಾಗಿ ಮೂಡುತ್ತಿರಲಿಲ್ಲ. 1895ರಲ್ಲಿ ಬರ್ಲಿನರ್ ಒಂದು ಗುಂಡಿ ಕಾರ್ಖಾನೆಯ ಮೊರೆ ಹೋದರು. ಹೌದು, ಅಂಗಿಯ ಗುಂಡಿ! ಆ ಕಾರ್ಖಾನೆ ಅರಗಿಗೆ ಬೇರೆ ಪುಡಿಗಳನ್ನು ಬೆರೆಸಿ, ಬಿಸಿ ಮಾಡಿ, ಅಚ್ಚಿನಲ್ಲಿ ಒತ್ತುತ್ತಿತ್ತು. ತಟ್ಟೆಗಳಿಗೂ ಅದೇ ಹೊಂದಿತು. ಮುತ್ತುಗ, ಬೋರೆ ಮುಂತಾದ ಮರಗಳ ಕೊಂಬೆಯ ರಸ ಹೀರಿ ಬದುಕುವ ಪುಟ್ಟ ಕೀಟಗಳು ಸ್ರವಿಸುವ ವಸ್ತುವೇ ಅರಗು. ಆಗ ಜಗತ್ತಿಗೆ ಬೇಕಾದ ಅರಗಿನಲ್ಲಿ ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ನಮ್ಮ ಚನ್ನಪಟ್ಟಣದ ಮರದ ಬೊಂಬೆಗಳಿಗೆ ಬಣ್ಣದ ಮೆರುಗು ಕೊಡುವುದೂ ಅರಗೇ. 1902ರಲ್ಲಿ ಬರ್ಲಿನರ್ ಬಳಿ ಪಳಗಿದ್ದ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ಇಲ್ಲಿಂದ ಹೋದ ಅರಗು ಹಾಡಾಗಿ ತಿರುಗಿ ಬಂದಿತು!

ಇಷ್ಟಾದರೂ ಕರಕರ ಸದ್ದು ಹೋಗಿರಲಿಲ್ಲ. ಅದನ್ನು ಬಹುಮಟ್ಟಿಗೆ ತಗ್ಗಿಸಿದ್ದು ಬರ್ಲಿನರ್ ಅಲ್ಲ, ಅವರ ಯಂತ್ರಕ್ಕೆ ಸ್ಪ್ರಿಂಗ್ ಮೋಟಾರು ಮಾಡಿಕೊಡುತ್ತಿದ್ದ ಎಲ್ಡ್ರಿಜ್ ಜಾನ್ಸನ್. ಅವರು ಆಮ್ಲವನ್ನೇ ಕೈಬಿಟ್ಟು, ದಪ್ಪ ಮೇಣದ ತಟ್ಟೆಯಲ್ಲಿ ನೇರವಾಗಿ ಗೆರೆ ಕೊರೆದರು. ಗೋಡೆ ನಯವಾಯಿತು, ಸದ್ದು ತಗ್ಗಿತು. ಅದೇ ಸಮಯಕ್ಕೆ ಬರ್ಲಿನರ್‌ಗೆ ದೊಡ್ಡ ಪೆಟ್ಟು ಬಿತ್ತು. ಮಾರಾಟ ಏಜೆಂಟರೊಂದಿಗಿನ ಜಗಳ ನ್ಯಾಯಾಲಯಕ್ಕೆ ಹೋಗಿ, 1900ರಲ್ಲಿ ಅವರು ತಮ್ಮದೇ ಗ್ರಾಮಫೋನನ್ನು ಅಮೆರಿಕದಲ್ಲಿ ಮಾರುವಂತಿಲ್ಲ ಎಂದು ಆದೇಶವಾಯಿತು. ಅವರು ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಪಾರ ಮುಂದುವರಿಸಿದರು.

ಸುಮಾರು ಆ ದಿನಗಳಲ್ಲೇ ಅವರ ಪುಟ್ಟ ಮಗಳಿಗೆ ಹೊಟ್ಟೆಯ ಕಾಯಿಲೆ ಜೋರಾಯಿತು. ಕಾಯಿಸದ ಹಾಲಿನಿಂದ ಮಕ್ಕಳಿಗೆ ರೋಗ ಹರಡುತ್ತದೆ ಎಂಬುದನ್ನು ತಿಳಿದ ಬರ್ಲಿನರ್, ಹಾಲನ್ನು ಬಿಸಿ ಮಾಡಿ ಶುದ್ಧಗೊಳಿಸಬೇಕೆಂದು ಮುಂದೆ ವರ್ಷಗಟ್ಟಲೆ ಪ್ರಚಾರ ಮಾಡಿದರು. ಮಗ ಹೆನ್ರಿಯೊಂದಿಗೆ ಹೆಲಿಕಾಪ್ಟರ್ ಪ್ರಯೋಗಗಳನ್ನೂ ನಡೆಸಿದರು. 1929ರ ಆಗಸ್ಟ್ 3ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡರು.

ಈಗ ಸಿಡಿಗೆ ಬರೋಣ. ಮೊದಲ ಸಿಡಿಗಳು ಕಾರ್ಖಾನೆಯಿಂದ ಹೊರಬಂದದ್ದು 1982ರ ಆಗಸ್ಟ್ 17ರಂದು. ಎಲ್ಲಿ ಗೊತ್ತೇ? ಬರ್ಲಿನರ್ ಹುಟ್ಟಿದ ಹ್ಯಾನೋವರ್‌ನ ಪಕ್ಕದ ಲಾಂಗನ್‌ಹಾಗನ್‌ನಲ್ಲಿ! ಆದರೆ ಸಿಡಿಯನ್ನು ಸೂಜಿ ಮುಟ್ಟುವುದಿಲ್ಲ. ಅದರಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 44,100 ಬಾರಿ ಅಳೆದು, ಅಂಕಿಗಳಾಗಿ ಬರೆದಿರುತ್ತಾರೆ. ಲೇಸರ್ ಬೆಳಕು ಆ ಅಂಕಿಗಳನ್ನು ಓದುತ್ತದೆ. ಓದುವಾಗ ಸಣ್ಣಪುಟ್ಟ ತಪ್ಪಾದರೆ ಯಂತ್ರವೇ ತಿದ್ದಿಕೊಳ್ಳುತ್ತದೆ. ಹಸಿರು ಶಾಯಿ ಬಳಿದರೂ, ತಣ್ಣಗೆ ಮಾಡಿದರೂ ಅಂಕಿ ಬದಲಾಗುವುದಿಲ್ಲ. 5 ಎಂಬ ಅಂಕಿಯನ್ನು ಚೆಂದದ ಅಕ್ಷರದಲ್ಲಿ ಬರೆದರೂ ಅದು 5 ತಾನೇ? ಹಸಿರು ಶಾಯಿ ಚದುರಿದ ಕೆಂಪು ಬೆಳಕನ್ನು ಹೀರುತ್ತದೆ ಎಂದು ಕೆಲವರು ಕಾರಣ ಹೇಳುತ್ತಿದ್ದರು. ಸಿಡಿಯ ಲೇಸರ್ ಕಣ್ಣಿಗೆ ಕಾಣುವ ಕೆಂಪೇ ಅಲ್ಲ, ಅವಕೆಂಪು. ಗೀರು ಬಿದ್ದು ಹಾಡು ನಿಂತು ನಿಂತು ಬರುವ ಸಿಡಿಯ ಮಾತು ಬೇರೆ. ಅದರ ಕೆಳಮೈಯನ್ನು ಒರೆಸಿ ನಯ ಮಾಡಿದರೆ ಲೇಸರ್‌ಗೆ ಮತ್ತೆ ಓದಲು ಬರಬಹುದು. ಹಾಡು ನಿಲ್ಲದೆ ಬರುತ್ತದೆ, ಮೊದಲಿಗಿಂತ ಇಂಪಾಗುವುದಿಲ್ಲ.

ಹಾಗಾದರೆ ಶಾಯಿ ಬಳಿದವರು ಸುಳ್ಳು ಹೇಳಿದರೇ? ಇಲ್ಲ, ಅವರಿಗೆ ಹಾಗೆಯೇ ಕೇಳಿಸಿತ್ತು. ಕಷ್ಟಪಟ್ಟು ಮಾಡಿದ ಕೆಲಸ ಫಲ ಕೊಟ್ಟಿದೆ ಎಂದು ನಮ್ಮ ಕಿವಿ ಬೇಗ ಒಪ್ಪಿಬಿಡುತ್ತದೆ. ಆದ್ದರಿಂದ ಕಿವಿಯನ್ನೇ ಪರೀಕ್ಷಿಸಬೇಕು.

ಮನೆಯ ಮೊಬೈಲಿನಲ್ಲಿ ಇದನ್ನು ಮಾಡಿ ನೋಡಿ. ನೀವು ಬೆನ್ನು ತಿರುಗಿಸಿ ಕುಳಿತುಕೊಳ್ಳಿ. ಗೆಳೆಯ ಅಥವಾ ಗೆಳತಿ ಪ್ರತಿ ಸಲ ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ಫೋನಿನ ಬೆನ್ನಿಗೆ ಹಸಿರು ಕಾಗದ ಇಟ್ಟು, ಹೂ ಬಿದ್ದರೆ ಇಡದೆ, ಅದೇ ಹಾಡನ್ನು ನುಡಿಸಲಿ. ಕಾಗದ ಇತ್ತೋ ಇಲ್ಲವೋ ಎಂದು ನೀವು ಬರೆದುಕೊಳ್ಳಿ. ಹೀಗೆ 20 ಸಲ. ಬರೀ ಊಹೆಯಾದರೆ ಹತ್ತರ ಆಸುಪಾಸು ಸರಿಯಾಗುತ್ತದೆ. ಆಮೇಲೆ ಕಾಗದದ ಬದಲು, ಫೋನನ್ನು ಖಾಲಿ ಸ್ಟೀಲ್ ಚೊಂಬಿನಲ್ಲಿಟ್ಟು ಇನ್ನೊಂದು 20 ಸಲ ಮಾಡಿ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ನಿಮ್ಮ ವಿಜ್ಞಾನ ಮೇಷ್ಟ್ರಿಗೋ ಟೀಚರಿಗೋ ತೋರಿಸಿ.