ಭಾಸ್ಕರಾಚಾರ್ಯರು ನಿಜಕ್ಕೂ ಕ್ಯಾಲ್ಕುಲಸ್ ಕಂಡುಹಿಡಿದಿದ್ದರೇ?

ನ್ಯೂಟನ್‌ಗಿಂತ 500 ವರ್ಷ ಮೊದಲೇ ನಮ್ಮ ವಿಜಯಪುರದ ಭಾಸ್ಕರಾಚಾರ್ಯರು ಕ್ಯಾಲ್ಕುಲಸ್ ಕಂಡುಹಿಡಿದಿದ್ದರು ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವರು ಮಾಡಿದ್ದೇನು ಎಂದು ಒಂದೊಂದಾಗಿ ನೋಡೋಣ.

ಯಾರು ಈ ಭಾಸ್ಕರರು?

ಹುಟ್ಟಿದ್ದು 1114ರಲ್ಲಿ. ತಂದೆ ಮಹೇಶ್ವರರೇ ಗುರು. ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಅವರೇ ಬರೆದಿದ್ದಾರೆ. ಅದು ಇಂದಿನ ವಿಜಯಪುರ ಎಂದು ಕೆಲವು ವಿದ್ವಾಂಸರು ಹೇಳಿದರೆ, ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯ ಊರು ಎಂದು ಇನ್ನು ಕೆಲವರು ವಾದಿಸುತ್ತಾರೆ. 36ನೇ ವಯಸ್ಸಿನಲ್ಲಿ, ಅಂದರೆ 1150ರಲ್ಲಿ, ಅವರು 'ಸಿದ್ಧಾಂತ ಶಿರೋಮಣಿ' ಬರೆದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಅದರ ನಾಲ್ಕು ಭಾಗಗಳು. ನಮ್ಮ ಪ್ರಶ್ನೆಗೆ ಮುಖ್ಯ ಉತ್ತರ ಇರುವುದು ಗ್ರಹಗಣಿತದಲ್ಲಿ.

ಚಂದ್ರನ ವೇಗದ ಸಮಸ್ಯೆ

ಪಂಚಾಂಗದಲ್ಲಿ ತಿಥಿ ಯಾವಾಗ ಮುಗಿಯುತ್ತದೆ ಎಂದು ಹೇಳಲು ಚಂದ್ರನ ವೇಗ ಗೊತ್ತಿರಬೇಕು. ಆದರೆ ಚಂದ್ರ ಒಂದೇ ವೇಗದಲ್ಲಿ ಓಡುವುದಿಲ್ಲ. ಒಂದು ದಿನ ಸುಮಾರು 12 ಡಿಗ್ರಿ, ಇನ್ನೊಂದು ದಿನ 15ರ ಹತ್ತಿರ. ಇವತ್ತಿನ ಸ್ಥಾನವನ್ನು ನಾಳೆಯ ಸ್ಥಾನದಿಂದ ಕಳೆದರೆ ಸಿಗುವುದು ದಿನದ ಸರಾಸರಿ ಮಾತ್ರ. ಭಾಸ್ಕರರು ಇದನ್ನು ಸ್ಥೂಲ ಗತಿ ಎಂದರು. ಆ ಕ್ಷಣದ ವೇಗಕ್ಕೆ ತಾತ್ಕಾಲಿಕ ಗತಿ ಎಂಬ ಹೆಸರು ಕೊಟ್ಟು, ಹತ್ತಿರದ ತಿಥಿಯ ಕೊನೆಯನ್ನು ಲೆಕ್ಕ ಹಾಕುವಾಗ ಚಂದ್ರನಿಗೆ ಇದನ್ನೇ ಬಳಸಬೇಕೆಂದರು.

ಅದನ್ನು ಕಂಡುಹಿಡಿಯುವುದು ಹೇಗೆ? ಹೊಸಕೆರೆಹಳ್ಳಿಯ ಒಂದು ಏರು ರಸ್ತೆಯಲ್ಲಿ ಆಟೋ ಹತ್ತುತ್ತಿದೆ ಎಂದುಕೊಳ್ಳಿ. ಪ್ರತಿ 100 ಮೀಟರ್‌ಗೆ ರಸ್ತೆ 5 ಮೀಟರ್ ಏರುತ್ತದೆ. ಆಟೋ ಸೆಕೆಂಡಿಗೆ 6 ಮೀಟರ್ ಹೋಗುತ್ತದೆ. ಹಾಗಾದರೆ ಅದು ಸೆಕೆಂಡಿಗೆ 30 ಸೆಂಟಿಮೀಟರ್ ಮೇಲೇರುತ್ತದೆ. ದಾರಿಯ ಏರನ್ನೂ ಓಡುವ ವೇಗವನ್ನೂ ಗುಣಿಸಿದೆವು, ಅಷ್ಟೇ. ಪಿಯುಸಿ ಪುಸ್ತಕದ ಸರಪಳಿ ನಿಯಮದ ತಿರುಳು ಇದೇ.

ಚಂದ್ರನ ಸರಾಸರಿ ಸ್ಥಾನಕ್ಕೂ ನಿಜ ಸ್ಥಾನಕ್ಕೂ ಇರುವ ವ್ಯತ್ಯಾಸ ಒಂದು ಕೋನದ ಜ್ಯಾ, ಅಂದರೆ ಸೈನ್, ಅನ್ನು ಅವಲಂಬಿಸಿದೆ. ಆ ಕೋನವೂ ದಿನದಿನಕ್ಕೆ ಬದಲಾಗುತ್ತದೆ. ವ್ಯತ್ಯಾಸ ಬದಲಾಗುವ ವೇಗ ಬೇಕಾದರೆ ಕೋನದ ಕೋಟಿಜ್ಯಾವನ್ನು, ಅಂದರೆ ಕೊಸೈನ್ ಅನ್ನು, ಕೋನ ಬದಲಾಗುವ ವೇಗದಿಂದ ಗುಣಿಸಬೇಕು ಎಂಬುದು ಅವರ ಸೂತ್ರದ ಸಾರ. ಏರು ರಸ್ತೆಯ ಲೆಕ್ಕವೇ ಇಲ್ಲೂ ಇದೆ. ವ್ಯತ್ಯಾಸ ಅತಿ ಹೆಚ್ಚಾಗಿರುವ ಜಾಗದಲ್ಲಿ ನಿಜ ವೇಗವೂ ಸರಾಸರಿ ವೇಗವೂ ಒಂದೇ ಆಗುತ್ತವೆ ಎಂಬುದನ್ನೂ ಅವರು ಗಮನಿಸಿದ್ದರು.

ಹಾಗಾದರೆ ಸಂದೇಶದಲ್ಲಿ ತಪ್ಪೇನು?

ಒಂದು, ಕೋಟಿಜ್ಯಾ ಬಳಸುವ ಸೂತ್ರ ಭಾಸ್ಕರರಿಂದಲೇ ಶುರುವಾಗಿದ್ದಲ್ಲ. 10ನೇ ಶತಮಾನದ ಮುಂಜಾಲರಲ್ಲೇ ಅದು ಕಾಣುತ್ತದೆ. ಎರಡು, ಭಾಸ್ಕರರು ಗ್ರಹಗಳ ಲೆಕ್ಕಕ್ಕೆ ಬೇಕಾದಷ್ಟನ್ನು ಮಾಡಿದರು. ಗೋಳವನ್ನು ತೆಳು ಪಟ್ಟಿಗಳಾಗಿ ಸೀಳಿ ಅದರ ಮೇಲ್ಮೈ ಅಳತೆಯನ್ನೂ ಸರಿಯಾಗಿ ಪಡೆದರು. ಆದರೆ ಯಾವ ವಕ್ರರೇಖೆಗೂ ಹೊಂದುವ ಸಾಮಾನ್ಯ ನಿಯಮಗಳನ್ನು ಕಟ್ಟಲಿಲ್ಲ. ಆ ಕೆಲಸ 17ನೇ ಶತಮಾನದಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಅವರಿಂದ ಆಯಿತು. ಇವರಿಬ್ಬರು ಭಾಸ್ಕರರಿಂದ ಕದ್ದರು ಎನ್ನಲು ಆಧಾರವಿಲ್ಲ.

ಮಗಳು ಲೀಲಾವತಿಯ ಕಥೆ?

ಮುಹೂರ್ತ ನೋಡಲು ಇಟ್ಟ ನೀರಿನ ಬಟ್ಟಲಿಗೆ ಮುತ್ತು ಬಿದ್ದು ಲೀಲಾವತಿಯ ಮದುವೆ ತಪ್ಪಿತು ಎಂಬ ಕಥೆಯನ್ನೂ ಜನ ಹಂಚುತ್ತಾರೆ. ಅದು ಭಾಸ್ಕರರ ಗ್ರಂಥದಲ್ಲಿಲ್ಲ. 1587ರಲ್ಲಿ, ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪರ್ಷಿಯನ್ ಅನುವಾದದ ಮುನ್ನುಡಿಯಲ್ಲಿದೆ.

ಕೊನೆಯ ದಿನಗಳು

ವಯಸ್ಸು 70ರ ಹತ್ತಿರ ಬಂದರೂ ಅವರು ಲೆಕ್ಕ ಬಿಡಲಿಲ್ಲ. ಪಂಚಾಂಗದವರ ಕೆಲಸ ಸುಲಭವಾಗಲೆಂದು 1183ರಲ್ಲಿ 'ಕರಣಕುತೂಹಲ' ರಚಿಸಿದರು. ಅವರ ಗ್ರಂಥಗಳನ್ನು ಕಲಿಸಲು ಮೊಮ್ಮಗ ಚಾಂಗದೇವ ಮಠವೊಂದನ್ನು ಕಟ್ಟಿಸಿದ. ಚಾಳೀಸಗಾಂವ್ ಬಳಿಯ ಪಾಟಣದ ಶಾಸನ ಅದನ್ನು ಹೇಳುತ್ತದೆ.

ಮುಂದಿನ ಸಲ ಆ ಸಂದೇಶ ಬಂದಾಗ ಹೀಗೆ ತಿದ್ದಿ ಕಳಿಸಿ: ಭಾಸ್ಕರರು ಇಡೀ ಕ್ಯಾಲ್ಕುಲಸ್ ಕಟ್ಟಲಿಲ್ಲ, ಆದರೆ ಓಡುವ ಚಂದ್ರನ ಆ ಕ್ಷಣದ ವೇಗವನ್ನು 1150ರಲ್ಲೇ ಲೆಕ್ಕ ಹಾಕಿದ್ದರು. ಹೆಮ್ಮೆಪಡಲು ಇಷ್ಟು ಸಾಕು. ಸುಳ್ಳು ಬೆರೆಸಿದರೆ ಈ ನಿಜವನ್ನೂ ಯಾರೂ ನಂಬದಂತಾಗುತ್ತದೆ.