ಮುಟ್ಟದೆ ನುಡಿಯುವ ವಾದ್ಯ: ಥೆರೆಮಿನ್ ಕಂಡುಹಿಡಿದವರನ್ನು ಕೆಜಿಬಿ ಅಪಹರಿಸಿತ್ತೇ?

ಗಾಳಿಯಲ್ಲಿ ಕೈ ಆಡಿಸಿದರೆ ಸಾಕು, ಪೆಟ್ಟಿಗೆಯೊಂದು ಹಾಡತೊಡಗುವ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಅದರ ಹೆಸರು ಥೆರೆಮಿನ್. ಅದರ ಬಗ್ಗೆ ಎರಡು ಮಾತು ಆಗಾಗ ಕೇಳಿಬರುತ್ತವೆ. ನುಡಿಸುವವರ ಮೈಯೊಳಗಿನ ವಿಶೇಷ ಶಕ್ತಿಯಿಂದ ಅದು ನುಡಿಯುತ್ತದೆ ಎಂಬುದು ಒಂದು. ಅದನ್ನು ಕಂಡುಹಿಡಿದ ವಿಜ್ಞಾನಿಯನ್ನು ಕೆಜಿಬಿ ನ್ಯೂಯಾರ್ಕ್‌ನಿಂದ ಅಪಹರಿಸಿತು ಎಂಬುದು ಇನ್ನೊಂದು.

ಈಗ ಈ ವಾದ್ಯದ ಕಿಟ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಹುಬ್ಬಳ್ಳಿಯ ಮನೆಯಲ್ಲೇ ಕೂತು ಸಾಲ್ಡರಿಂಗ್ ಮಾಡಿ ಕಟ್ಟಬಹುದು. ಅದಕ್ಕೂ ಮೊದಲು ಈ ಎರಡು ಮಾತುಗಳಲ್ಲಿ ಎಷ್ಟು ನಿಜ ಇದೆ, ಅದನ್ನು ಕಂಡುಹಿಡಿದವರ ಬದುಕು ಹೇಗಿತ್ತು ನೋಡೋಣ.

ಪ್ರಯೋಗಾಲಯದಲ್ಲಿ ಸಿಕ್ಕ ಸ್ವರ

ಅವರ ಹೆಸರು ಲೆವ್ ತೆರ್ಮೆನ್. ಹುಟ್ಟಿದ್ದು 1896ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಹೊರಜಗತ್ತಿಗೆ ಅವರು ಲಿಯಾನ್ ಥೆರೆಮಿನ್. ಚಿಕ್ಕಂದಿನಲ್ಲಿ ಚೆಲ್ಲೊ ಕಲಿತಿದ್ದರು. ಅದು ಪಿಟೀಲಿನ ಕುಟುಂಬದ ದೊಡ್ಡ ವಾದ್ಯ.

1920ರ ಸುಮಾರಿಗೆ ಅವರು ಭೌತವಿಜ್ಞಾನಿ ಅಬ್ರಾಮ್ ಯೊಫೆ ಅವರ ಸಂಸ್ಥೆಯಲ್ಲಿ ಅನಿಲಗಳ ವಿದ್ಯುತ್ ಗುಣ ಅಳೆಯುವ ಉಪಕರಣ ಕಟ್ಟುತ್ತಿದ್ದರು. ಅದರ ಹತ್ತಿರ ಕೈ ತಂದರೆ ಹೆಡ್‌ಫೋನ್‌ನಲ್ಲಿ ಕೇಳುತ್ತಿದ್ದ ಸ್ವರ ಬದಲಾಗುತ್ತಿತ್ತು. ಬೇರೆಯವರಾಗಿದ್ದರೆ ಅದನ್ನು ಉಪಕರಣದ ದೋಷ ಎಂದುಕೊಳ್ಳುತ್ತಿದ್ದರೇನೋ. ಸಂಗೀತ ಬಲ್ಲ ಥೆರೆಮಿನ್ ಅದರಲ್ಲೇ ರಾಗ ನುಡಿಸಲು ನೋಡಿದರು. 1922ರಲ್ಲಿ ಲೆನಿನ್ ಮುಂದೆ ಈ ವಾದ್ಯದ ಪ್ರದರ್ಶನ ನಡೆಯಿತು. ಲೆನಿನ್ ತಾವೂ ಕೈ ಆಡಿಸಿ ನೋಡಿದರು.

ಮೈಯೊಳಗಿನ ವಿಶೇಷ ಶಕ್ತಿಯೇ? ಅಲ್ಲ

ಪೆಟ್ಟಿಗೆಯೊಳಗೆ ಎರಡು ಆಸಿಲೇಟರ್‌ಗಳಿರುತ್ತವೆ. ಎರಡೂ ಕಿವಿಗೆ ಕೇಳದಷ್ಟು ವೇಗವಾಗಿ ಕಂಪಿಸುತ್ತವೆ. ಉದಾಹರಣೆಗೆ, ಒಂದು ಸೆಕೆಂಡಿಗೆ 5,00,000 ಬಾರಿ ಕಂಪಿಸುತ್ತದೆ, ಇನ್ನೊಂದು 4,99,560 ಬಾರಿ ಎಂದುಕೊಳ್ಳಿ. ಎರಡನ್ನೂ ಬೆರೆಸಿದಾಗ ನಮಗೆ ಕೇಳುವುದು ಅವುಗಳ ವ್ಯತ್ಯಾಸ, ಅಂದರೆ 440 ಕಂಪನಗಳ ಸ್ವರ.

ಎರಡನೆಯ ಆಸಿಲೇಟರ್‌ಗೆ ನೆಟ್ಟಗೆ ನಿಂತ ಆಂಟೆನಾ ಜೋಡಿಸಿರುತ್ತಾರೆ. ನಮ್ಮ ದೇಹ ವಿದ್ಯುತ್ ವಾಹಕ. ಹಾಗಾಗಿ ಆಂಟೆನಾ ಮತ್ತು ಕೈ ಸೇರಿ ಒಂದು ಕೆಪಾಸಿಟರ್ ಆಗುತ್ತದೆ. ಕೈ ಹತ್ತಿರ ಬಂದಷ್ಟೂ ಆ ಆಸಿಲೇಟರ್ ನಿಧಾನವಾಗುತ್ತದೆ, ವ್ಯತ್ಯಾಸ ಹೆಚ್ಚುತ್ತದೆ, ಸ್ವರ ಮೇಲೇರುತ್ತದೆ. ಇನ್ನೊಂದು ಕೈ ಬಳೆಯಂತೆ ಬಾಗಿದ ಆಂಟೆನಾದ ಬಳಿ ಧ್ವನಿಯನ್ನು ಹೆಚ್ಚು ಕಡಿಮೆ ಮಾಡುತ್ತದೆ. ಯಾರ ಕೈಯಾದರೂ ನಡೆಯುತ್ತದೆ. ನೀವು ಇದನ್ನು ಓದುತ್ತಿರುವ ಮೊಬೈಲ್‌ನ ಟಚ್‌ಸ್ಕ್ರೀನ್ ಕೂಡ ಬೆರಳಿನಿಂದಾಗುವ ಇಂಥದೇ ಬದಲಾವಣೆಯನ್ನು ಗುರುತಿಸುತ್ತದೆ.

ಇದರಲ್ಲಿ ಹಾರ್ಮೋನಿಯಂನಂತೆ ಮನೆಗಳಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡೇ ಹೋಗಬೇಕು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರನ್ನು ಕೇಳಿ ಬೆಳೆದ ಹುಬ್ಬಳ್ಳಿ-ಧಾರವಾಡದವರಿಗೆ ಈ ಮೀಂಡ್ ಹೊಸದಲ್ಲ. ಥೆರೆಮಿನ್‌ನಲ್ಲಿ ಮೀಂಡ್ ತಾನಾಗಿಯೇ ಬರುತ್ತದೆ, ಸ್ವರದ ಮೇಲೆ ನಿಲ್ಲುವುದೇ ಕಷ್ಟ.

ನ್ಯೂಯಾರ್ಕ್‌ನ ಹತ್ತು ವರ್ಷ

1927ರಲ್ಲಿ ಥೆರೆಮಿನ್ ಯುರೋಪಿನಲ್ಲಿ ಪ್ರದರ್ಶನ ನೀಡಿ, ಆ ವರ್ಷದ ಕೊನೆಗೆ ನ್ಯೂಯಾರ್ಕ್ ತಲುಪಿದರು. 1928ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಮರುವರ್ಷ ಆರ್‌ಸಿಎ ಕಂಪನಿ ವಾದ್ಯವನ್ನು ಮಾರುಕಟ್ಟೆಗೆ ತಂದಿತು. ಅದೇ ಹೊತ್ತಿಗೆ ಷೇರುಪೇಟೆ ಕುಸಿಯಿತು. ತಯಾರಾದದ್ದು ಸುಮಾರು 500 ಮಾತ್ರ. ಪಿಟೀಲು ಬಿಡಬೇಕಾಗಿ ಬಂದಿದ್ದ ಕ್ಲಾರಾ ರಾಕ್‌ಮೋರ್ ಈ ವಾದ್ಯ ಕಲಿತು ಅದರ ಅತ್ಯುತ್ತಮ ಕಲಾವಿದೆ ಎನಿಸಿಕೊಂಡರು. ಥೆರೆಮಿನ್ ಕಪ್ಪುವರ್ಣೀಯ ನೃತ್ಯಗಾತಿ ಲವೀನಿಯಾ ವಿಲಿಯಮ್ಸ್ ಅವರನ್ನು ಮದುವೆಯಾದಾಗ ಅನೇಕ ಶ್ರೀಮಂತ ಮಿತ್ರರು ದೂರವಾದರು. ಸಾಲವೂ ಬೆಳೆದಿತ್ತು.

ಅಪಹರಣವಾಯಿತೇ?

1938ರಲ್ಲಿ ಅವರು ಇದ್ದಕ್ಕಿದ್ದಂತೆ ನ್ಯೂಯಾರ್ಕ್‌ನಿಂದ ಕಾಣೆಯಾದರು. ಎಳೆದೊಯ್ದರು ಎಂದೇ ಆಪ್ತರು ನಂಬಿದ್ದರು. ಆದರೆ ಕೆಜಿಬಿ ಸ್ಥಾಪನೆಯಾದದ್ದೇ 1954ರಲ್ಲಿ. 1938ರಲ್ಲಿ ಅಲ್ಲಿದ್ದುದು ಎನ್‌ಕೆವಿಡಿ ಎಂಬ ಸಂಸ್ಥೆ. ಸಾಲದ ಒತ್ತಡದಲ್ಲಿ ಥೆರೆಮಿನ್ ತಾವಾಗಿಯೇ ಸೋವಿಯತ್ ಹಡಗು ಹತ್ತಿದರು ಎಂಬುದು ಜೀವನಚರಿತ್ರೆಕಾರ ಆಲ್ಬರ್ಟ್ ಗ್ಲಿನ್ಸ್ಕಿ ಅವರ ಶೋಧದಿಂದ ತಿಳಿಯುತ್ತದೆ. ಮುಪ್ಪಿನಲ್ಲಿ ಥೆರೆಮಿನ್ ಕೂಡ ಸ್ವಇಚ್ಛೆಯಿಂದಲೇ ಮರಳಿದೆ ಎಂದಿದ್ದರು. ಅಪಹರಣದ ಕಥೆ ದಾಖಲೆಗಳಿಗೆ ಹೊಂದುವುದಿಲ್ಲ.

ನಿಜವಾಗಿ ನಡೆದದ್ದು ಅದಕ್ಕಿಂತ ಕಠೋರ. 1939ರಲ್ಲಿ ಅವರನ್ನು ಬಂಧಿಸಿ 8 ವರ್ಷ ಶಿಕ್ಷೆ ವಿಧಿಸಲಾಯಿತು. ಸೈಬೀರಿಯಾದ ಕೊಲಿಮಾ ಶಿಬಿರಕ್ಕೆ ಕಳಿಸಿದರು. ಮುಂದೆ ವಿಜ್ಞಾನಿಗಳನ್ನೇ ಕೂಡಿಹಾಕಿ ಕೆಲಸ ಮಾಡಿಸುತ್ತಿದ್ದ ಸೆರೆಮನೆ-ಪ್ರಯೋಗಾಲಯಕ್ಕೆ ತಂದರು. ಲವೀನಿಯಾ ಅವರನ್ನು ಮತ್ತೆಂದೂ ನೋಡಲಾಗಲಿಲ್ಲ.

ಅಲ್ಲಿ ಅವರು ತಯಾರಿಸಿದ ಒಂದು ಸಾಧನವನ್ನು ಮರದ ಲಾಂಛನದೊಳಗೆ ಅಡಗಿಸಿ, 1945ರಲ್ಲಿ ಶಾಲಾಮಕ್ಕಳ ಕೈಯಿಂದ ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಉಡುಗೊರೆ ಕೊಡಿಸಲಾಯಿತು. ಅದರಲ್ಲಿ ಬ್ಯಾಟರಿ ಇರಲಿಲ್ಲ. ಹೊರಗಿನಿಂದ ರೇಡಿಯೊ ಅಲೆ ಹಾಯಿಸಿದಾಗ ಮಾತ್ರ ಕೋಣೆಯ ಮಾತು ಕೇಳುತ್ತಿತ್ತು. 1952ರವರೆಗೆ ಅದು ಪತ್ತೆಯಾಗಲಿಲ್ಲ. ಗಾಳಿಯಲ್ಲಿನ ಸಣ್ಣ ಚಲನೆಯನ್ನು ವಿದ್ಯುತ್ತಿನಿಂದ ಹಿಡಿಯುವ ಅದೇ ಬುದ್ಧಿ ಸಂಗೀತಕ್ಕೂ ಒದಗಿತ್ತು, ಬೇಹುಗಾರಿಕೆಗೂ ಒದಗಿತು. 1947ರಲ್ಲಿ ಬಿಡುಗಡೆಯಾಯಿತು, ಸ್ಟಾಲಿನ್ ಪ್ರಶಸ್ತಿಯೂ ಬಂತು.

ಹೆಸರು ಉಳಿಸಿದ ಕಿಟ್‌ಗಳು

ಹೊರಜಗತ್ತು ಥೆರೆಮಿನ್ ಸತ್ತಿದ್ದಾರೆಂದೇ ತಿಳಿದಿತ್ತು. ಆದರೆ ವಾದ್ಯದ ಸರ್ಕಿಟ್ ಹವ್ಯಾಸಿಗಳ ಪತ್ರಿಕೆಗಳಲ್ಲಿ ಅಚ್ಚಾಗುತ್ತಲೇ ಇತ್ತು. ನ್ಯೂಯಾರ್ಕ್‌ನ ರಾಬರ್ಟ್ ಮೂಗ್ ಎಂಬ ಹುಡುಗ ಹದಿಹರೆಯದಲ್ಲೇ ಒಂದನ್ನು ಕಟ್ಟಿದ. 1954ರಿಂದ ತಂದೆಯೊಂದಿಗೆ ಥೆರೆಮಿನ್ ಮಾರಲು ಶುರು ಮಾಡಿದ. 1961ರಲ್ಲಿ ಪತ್ರಿಕೆಯಲ್ಲಿ ಲೇಖನ ಬರೆದು, ಕಟ್ಟಿಕೊಳ್ಳುವವರಿಗೆ ಕಿಟ್ ಕಳಿಸತೊಡಗಿದ. 1964ರಲ್ಲಿ ಆತ ಕಟ್ಟಿದ ಸಿಂಥಸೈಜರ್ ಇಂದಿನ ಸಿನಿಮಾ ಸಂಗೀತದವರೆಗೂ ದಾರಿ ಮಾಡಿತು.

ಇತ್ತ ಥೆರೆಮಿನ್ ಮಾಸ್ಕೋ ಸಂಗೀತ ವಿದ್ಯಾಲಯದಲ್ಲಿ ದುಡಿಯುತ್ತಿದ್ದರು. 1967ರಲ್ಲಿ ಅಮೆರಿಕದ ಪತ್ರಕರ್ತರೊಬ್ಬರು ಅವರು ಬದುಕಿದ್ದಾರೆಂದು ಬರೆದರು. ಅದರ ಬೆನ್ನಿಗೇ ಕೆಲಸ ಹೋಯಿತು, ಕಟ್ಟಿದ ವಾದ್ಯಗಳನ್ನು ಹೊರಹಾಕಲಾಯಿತು. 1991ರಲ್ಲಿ, 95ರ ವಯಸ್ಸಿನಲ್ಲಿ, ಅವರು ಮತ್ತೆ ಅಮೆರಿಕಕ್ಕೆ ಬಂದು ಕ್ಲಾರಾ ಅವರನ್ನು ಕಂಡರು. 1993ರ ನವೆಂಬರ್ 3ರಂದು ಮಾಸ್ಕೋದಲ್ಲಿ ತೀರಿಕೊಂಡರು.

ನೀವೂ ಕಟ್ಟುವುದಾದರೆ

ಕಿಟ್ ಕೊಳ್ಳುವಾಗ ಆಂಟೆನಾ ಇದೆಯೇ ನೋಡಿ. ಅಗ್ಗದ ಕೆಲವು ಕಿಟ್‌ಗಳು ಬೆಳಕಿನ ಸೆನ್ಸರ್‌ನಿಂದ ನಡೆಯುತ್ತವೆ. ಅವು ಕೈಯ ನೆರಳಿಗೆ ಸ್ಪಂದಿಸುತ್ತವೆ, ಕತ್ತಲಲ್ಲಿ ನಡೆಯುವುದಿಲ್ಲ.

ಸಾಲ್ಡರಿಂಗ್ ಹೊಗೆಯಲ್ಲಿ ಸೀಸ ಇರುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಸುಮಾರು 350 ಡಿಗ್ರಿ ಸೆಲ್ಸಿಯಸ್‌ನ ಐರನ್‌ಗೆ ಸೀಸ ಆವಿಯಾಗುವಷ್ಟು ಬಿಸಿ ಇರುವುದಿಲ್ಲ. ಏಳುವ ಹೊಗೆ ಮುಖ್ಯವಾಗಿ ಫ್ಲಕ್ಸ್‌ನದು. ಅದೂ ಉಸಿರಾಟಕ್ಕೆ ಒಳ್ಳೆಯದಲ್ಲ, ಆಸ್ತಮಾ ಇರುವವರಿಗಂತೂ ಅಪಾಯ. ಕಿಟಕಿ ತೆರೆದಿಡಿ. ಸೀಸ ಹೊಟ್ಟೆ ಸೇರುವುದು ಕೈಯಿಂದ. ಹಾಗಾಗಿ ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಏನೂ ತಿನ್ನಬೇಡಿ.

ಐರನ್‌ನ ತುದಿಯನ್ನು ಬಿಡಿಭಾಗದ ಕಾಲಿಗೂ ಬೋರ್ಡ್‌ನ ತಾಮ್ರಕ್ಕೂ ಒಟ್ಟಿಗೆ ತಾಗಿಸಿ ಬಿಸಿ ಮಾಡಿ, ಆಮೇಲೆ ಸಾಲ್ಡರ್ ತಂತಿ ಮುಟ್ಟಿಸಿ. ಉಂಡೆಯಂತೆ ಮೇಲೆ ಕೂತ ಬೆಸುಗೆ ಕರಕರ ಸದ್ದಿಗೆ ಕಾರಣವಾಗುತ್ತದೆ. ಕಟ್ಟಿ ಮುಗಿದ ಮೇಲೆ ಸ್ವಿಚ್ ಹಾಕಿ, ತೋಳಳತೆ ದೂರ ನಿಂತು, ಸದ್ದು ಇಳಿದು ಪೂರ್ತಿ ನಿಲ್ಲುವವರೆಗೆ ಸ್ವರದ ಗುಂಡಿ ತಿರುಗಿಸಿ. ಅಲ್ಲಿಂದ ಮೆಲ್ಲಗೆ ಕೈ ಚಾಚಿದರೆ ಮೊದಲ ಮಂದ್ರ ಸ್ವರ ಕೇಳುತ್ತದೆ.